ಜಾರ್ ಒಳಗಿನ ಜನ

ಬೆಂಗಳೂರಿನಲ್ಲಿ ಜಾವಾ ಬರೆದು ಬದುಕು ಕಟ್ಟಿಕೊಂಡ ನನ್ನ ಓರಗೆಯ ಬಹಳಷ್ಟು ಜನಕ್ಕೆ ಸ್ಪ್ರಿಂಗ್ ಫ್ರೇಮ್‌ವರ್ಕ್ ಅಂದರೆ ಒಂದಿಷ್ಟು ಜಾರ್ ಫೈಲು. ಸ್ಪ್ರಿಂಗ್-ಕೋರ್, ಸ್ಪ್ರಿಂಗ್-ಬೀನ್ಸ್, ಸ್ಪ್ರಿಂಗ್-ಕಾಂಟೆಕ್ಸ್ಟ್, ಸ್ಪ್ರಿಂಗ್-ಟಿಎಕ್ಸ್. ಮೇವನ್ ಫೈಲಿನಲ್ಲಿ ನಾಲ್ಕು ಸಾಲು ಬರೆದರೆ ಅವು ಎಲ್ಲಿಂದಲೋ ಇಳಿದು ಬಂದು ನಮ್ಮ ಮಷೀನಿನ ಒಂದು ಮರೆಯ ಫೋಲ್ಡರಿನಲ್ಲಿ ಕೂರುತ್ತಿದ್ದವು. ಒಳಗೆ ಏನಿದೆ ಎಂದು ತೆರೆದು ನೋಡುವ ಪ್ರಮೇಯ ಬರುತ್ತಿರಲಿಲ್ಲ. ಮೆಥಡ್ ಮೇಲೆ ಒಂದು ಅನೋಟೇಶನ್ ಹಾಕಿದರೆ ಕೆಲಸ ಆಗುತ್ತದೆ. ಆಗದಿದ್ದರೆ ಇನ್ನೊಂದು ಹಾಕಿ ನೋಡುವುದು. ಸ್ಪ್ರಿಂಗ್ ಓಪನ್ ಸೋರ್ಸ್, ಅಪಾಚೆ ಲೈಸೆನ್ಸ್ 2.0 ಅಡಿ ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ 'ಯಾರು ಬೇಕಾದರೂ' ಎಂಬುದರಲ್ಲಿ ನಾವೂ ಇದ್ದೇವೆ ಎಂದು ಮಾತ್ರ ನಮಗೆ ಅನ್ನಿಸಿರಲಿಲ್ಲ.

ನನಗೆ ಹಾಗನ್ನಿಸಿದ್ದು 2014ರ ಕೊನೆಯಲ್ಲಿ. ಸಾಲದ ಕಂತು ಕಟ್ಟಿದವರ ವಿವರ ರಾತ್ರಿ ಒಂದು ದೊಡ್ಡ ಫೈಲಿನಲ್ಲಿ ಬರುತ್ತಿತ್ತು. ಅದನ್ನು ಓದಿ ಡೇಟಾಬೇಸಿಗೆ ಸೇರಿಸುವ ಬ್ಯಾಚ್ ಪ್ರೋಗ್ರಾಂ ನಮ್ಮ ತಂಡದ್ದು. ಫೈಲಿನ ಒಂದೊಂದು ಸಾಲೂ ಒಂದೊಂದು ಬೇರೆ ಟ್ರಾನ್ಸಾಕ್ಷನ್ ಆಗಬೇಕು, ಒಂದು ಸಾಲು ಕೆಟ್ಟಿದ್ದರೆ ಅದಷ್ಟನ್ನೇ ಪೂರ್ತಿ ಹಿಂತೆಗೆದು ಮುಂದಿನದಕ್ಕೆ ಹೋಗಬೇಕು. ಅದಕ್ಕಾಗಿ ಸಾಲು ಉಳಿಸುವ ಮೆಥಡ್ ಮೇಲೆ 'ಟ್ರಾನ್ಸಾಕ್ಷನಲ್' ಅನೋಟೇಶನ್ ಹಾಕಿ, ಪ್ರತಿ ಸಲ ಹೊಸದು ಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. ಆದರೂ ಬೆಳಿಗ್ಗೆ ನೋಡಿದರೆ ಕೆಲವು ಖಾತೆಗಳಲ್ಲಿ ರಸೀದಿ ದಾಖಲಾಗಿರುತ್ತಿತ್ತು, ಸಾಲದ ಬಾಕಿ ಇಳಿದಿರುತ್ತಿರಲಿಲ್ಲ. ಅರ್ಧ ಉಳಿದು ಅರ್ಧ ಬಿದ್ದುಹೋದ ಲೆಕ್ಕ. ಬೇರೊಬ್ಬರ ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ತಪ್ಪು ಬೇರೆ ಇಲ್ಲ.

ತಂಡದಲ್ಲಿ ಎಲ್ಲರ ಬಳಿಯೂ ಒಂದೊಂದು ಊಹೆ ಇತ್ತು. ಡೇಟಾಬೇಸ್ ಡ್ರೈವರ್ ಬದಲಿಸೋಣ ಎಂದರು ಒಬ್ಬರು, ಸ್ಪ್ರಿಂಗ್ ವರ್ಷನ್ ಏರಿಸೋಣ ಎಂದರು ಇನ್ನೊಬ್ಬರು. ಪಕ್ಕದ ತಂಡದಲ್ಲಿ ಧಾರವಾಡದ ಒಬ್ಬ ಹಿರಿಯರಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಚರ್ಚೆ ಕೇಳಿಸಿಕೊಂಡು, "ಸೋರ್ಸ್ ಐತಲ್ಲ, ಇಳಿಸ್ಕೊಂಡು ಬಿಲ್ಡ್ ಮಾಡ್ರಿ. ಒಳಗ ನಿಮ್ಮದೊಂದು ಸಾಲು ಹಾಕ್ರಿ. ಸುಮ್ನ ಊಹೆ ಮಾಡ್ಕೋತ ಯಾಕ ಕೂಡ್ತೀರಿ?" ಎಂದರು. ಐಡಿಇಯಲ್ಲೇ ಸೋರ್ಸ್ ಜಾರ್ ಜೋಡಿಸಿ ಓದಬಹುದಲ್ಲ ಎಂದೆ. "ಓದೋದು ಬ್ಯಾರೆ, ಓಡ್ಸೋದು ಬ್ಯಾರೆ" ಎಂದರು. ಅವರು ಹೇಳಿದ್ದರಲ್ಲಿ ಹುರುಳಿತ್ತು. ನಮ್ಮ ಬ್ಯಾಚ್ ಓಡುತ್ತಿದ್ದುದು ಟೆಸ್ಟ್ ಸರ್ವರಿನಲ್ಲಿ, ರಾತ್ರಿ ಹೊತ್ತು, ಡಿಬಗ್ಗರ್ ಜೋಡಿಸಲು ಅನುಮತಿ ಇಲ್ಲದ ಕಡೆ. ಅಲ್ಲಿ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಸ್ಪ್ರಿಂಗೇ ಬಾಯಿಬಿಟ್ಟು ಲಾಗ್‌ನಲ್ಲಿ ಹೇಳಬೇಕಿತ್ತು.

ಗಿಟ್‌ಹಬ್‌ನಿಂದ ರೆಪಾಸಿಟರಿ ಇಳಿಸಿಕೊಂಡೆ. ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ ತಮ್ಮನ ಡೇಟಾ ಕಾರ್ಡ್ ಹಾಕಿ, ಇತಿಹಾಸವೆಲ್ಲ ಬೇಡ, ಬೇಕಾದ ಟ್ಯಾಗ್ ಒಂದೇ ಸಾಕು ಎಂದು ಕ್ಲೋನ್ ಮಾಡಿದ್ದು. ನಮ್ಮ ಪ್ರಾಜೆಕ್ಟಿನಲ್ಲಿದ್ದದ್ದು 4.1 ಸಾಲಿನ ವರ್ಷನ್. ಅದೇ ಟ್ಯಾಗ್ ತೆಗೆದುಕೊಂಡೆ. ಬಿಲ್ಡ್ ಮಾಡಲು ಗ್ರೇಡಲ್ ಬೇಕು, ಆದರೆ ಅದನ್ನು ಮೊದಲೇ ಇನ್‌ಸ್ಟಾಲ್ ಮಾಡಿರಬೇಕಿಲ್ಲ. ರೆಪಾಸಿಟರಿಯೊಳಗೇ ಒಂದು ಪುಟ್ಟ ಸ್ಕ್ರಿಪ್ಟ್, ಒಂದು ಪುಟ್ಟ ಜಾರ್ ಇರುತ್ತವೆ. ಆ ಸ್ಕ್ರಿಪ್ಟ್ ಓಡಿಸಿದರೆ, ಈ ಕೋಡಿಗೆ ಯಾವ ವರ್ಷನ್ ಗ್ರೇಡಲ್ ಬೇಕೋ ಸರಿಯಾಗಿ ಅದನ್ನೇ ತರಿಸಿಕೊಳ್ಳುತ್ತದೆ. ಇದಕ್ಕೆ ರ್‍ಯಾಪರ್ ಅನ್ನುತ್ತಾರೆ. ನನ್ನ ಮಷೀನಿನಲ್ಲೂ ಆಸ್ಟ್ರಿಯಾದಲ್ಲಿ ಕೂತು ಸ್ಪ್ರಿಂಗ್‌ನ ಕೋಡ್ ಬರೆಯುವವರ ಮಷೀನಿನಲ್ಲೂ ಒಂದೇ ಬಿಲ್ಡ್ ಟೂಲ್ ಓಡುವಂತೆ ಮಾಡುವ ಈ ಏರ್ಪಾಡು ನನಗೆ ಅಂದೇ ಹಿಡಿಸಿತು.

ಆಫೀಸಿನಲ್ಲಿ ಅದೇ ಸ್ಕ್ರಿಪ್ಟ್ ಮೊದಲ ಹೆಜ್ಜೆಯಲ್ಲೇ ನಿಂತಿತು. ಕಂಪನಿಯ ಪ್ರಾಕ್ಸಿ ಸರ್ವರ್ ದಾಟದೆ ಯಾವುದೂ ಹೊರಗೆ ಹೋಗುತ್ತಿರಲಿಲ್ಲ. ಪ್ರಾಕ್ಸಿಯ ಹೆಸರು, ಪೋರ್ಟ್ ನಂಬರುಗಳನ್ನು ಗ್ರೇಡಲ್‌ನ ಪ್ರಾಪರ್ಟೀಸ್ ಫೈಲಿನಲ್ಲಿ ಎಚ್‌ಟಿಟಿಪಿಗೊಂದು, ಎಚ್‌ಟಿಟಿಪಿಎಸ್‌ಗೊಂದು ಎಂದು ಬೇರೆಬೇರೆ ಬರೆದೆ. ಆಮೇಲೆ ಬಂದದ್ದು ಜಾವಾದವರೆಲ್ಲ ಒಮ್ಮೆಯಾದರೂ ಕಂಡಿರುವ ಸಾಲು: ಪಿಕೆಐಎಕ್ಸ್ ಪಾಥ್ ಬಿಲ್ಡಿಂಗ್ ಫೇಲ್ಡ್. ಪ್ರಾಕ್ಸಿ ಹೊರಗಿನಿಂದ ಬಂದ ಸಂಪರ್ಕವನ್ನು ಬಿಚ್ಚಿ ಪರೀಕ್ಷಿಸಿ, ತನ್ನದೇ ಸರ್ಟಿಫಿಕೇಟ್ ಹಾಕಿ ಒಳಗೆ ಕಳಿಸುತ್ತದೆ. ಬ್ರೌಸರ್ ಅದನ್ನು ನಂಬುತ್ತದೆ, ಯಾಕೆಂದರೆ ಕಂಪನಿಯವರು ವಿಂಡೋಸ್‌ಗೆ ಆ ಸರ್ಟಿಫಿಕೇಟನ್ನು ಮೊದಲೇ ಪರಿಚಯಿಸಿರುತ್ತಾರೆ. ಜಾವಾ ವಿಂಡೋಸ್‌ನ ಪಟ್ಟಿ ನೋಡುವುದಿಲ್ಲ. ತಾನು ಯಾರನ್ನು ನಂಬಬೇಕು ಎಂಬ ಪಟ್ಟಿಯನ್ನು ಅದು ತನ್ನದೇ ಫೋಲ್ಡರಿನ ಸಿಎ-ಸರ್ಟ್ಸ್ ಎಂಬ ಫೈಲಿನಲ್ಲಿ ಇಟ್ಟುಕೊಂಡಿರುತ್ತದೆ. ಬ್ರೌಸರಿನಿಂದ ಸರ್ಟಿಫಿಕೇಟ್ ಹೊರತೆಗೆದು ಕೀಟೂಲ್‌ನಿಂದ ಆ ಫೈಲಿಗೆ ಸೇರಿಸಿದ ಮೇಲೆ ಡೌನ್‌ಲೋಡ್ ಶುರುವಾಯಿತು. ಸ್ಪ್ರಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ ಅನ್ನಬಹುದು. ಆದರೆ ದೊಡ್ಡ ಆಫೀಸುಗಳಲ್ಲಿ ಸೋರ್ಸ್‌ನಿಂದ ಬಿಲ್ಡ್ ಮಾಡಲು ಹೊರಟ ಎಷ್ಟೋ ಜನ ನಿಲ್ಲುವುದು ಇಲ್ಲೇ, ಕೋಡಿನ ಒಂದು ಸಾಲನ್ನೂ ಮುಟ್ಟುವ ಮೊದಲೇ. ಕಷ್ಟದ ಕೆಲಸ ಎಂದುಕೊಂಡು ಬಿಟ್ಟುಬಿಡುತ್ತಾರೆ. ಹಾಗಾಗಿ ಯಾರಾದರೂ ಕೇಳಿದರೆ ನಾನು ಈ ಭಾಗವನ್ನೇ ಮೊದಲು, ಬಿಡಿಸಿ ಹೇಳಿಕೊಡುತ್ತೇನೆ.

ಮುಂದಿನ ಅಡ್ಡಿ ಇನ್ನೂ ಸ್ವಾರಸ್ಯದ್ದು. ನಮ್ಮ ಸರ್ವರಿನಲ್ಲಿ ಓಡುತ್ತಿದ್ದುದು ಜಾವಾ 7. ಸ್ಪ್ರಿಂಗ್ 4 ಜಾವಾ 6ರಿಂದಲೇ ಓಡುತ್ತದೆ ಎಂದು ಅವರ ಭರವಸೆ. ಆದರೆ ಅದನ್ನು ಕಂಪೈಲ್ ಮಾಡಲು ಮಾತ್ರ ಜೆಡಿಕೆ 8 ಬೇಕು! ಯಾಕೆ ಎಂದು ಬಿಲ್ಡ್ ಫೈಲ್ ತೆರೆದು ನೋಡಿದೆ. ಮುಖ್ಯ ಕೋಡಿನ ಕ್ಲಾಸ್ ಫೈಲುಗಳು 1.6ರ ಮಟ್ಟಕ್ಕೆ, ಟೆಸ್ಟ್‌ಗಳು 1.8ರ ಮಟ್ಟಕ್ಕೆ ಎಂದು ಬೇರೆಬೇರೆ ಬರೆದಿತ್ತು. ಜಾವಾ 8ರಲ್ಲಿ ಹೊಸದಾಗಿ ಬಂದ ಆಪ್ಷನಲ್, ಹೊಸ ದಿನಾಂಕ-ಸಮಯದ ಕ್ಲಾಸುಗಳು ಸ್ಪ್ರಿಂಗ್ ಕೋಡಿನಲ್ಲಿ ಬಳಕೆಯಾಗಿವೆ. ಅವುಗಳ ಗುರುತು ಸಿಗದೆ ಕಂಪೈಲರ್ ಮುಂದೆ ಹೋಗದು. ಓಡುವಾಗ ಮಾತ್ರ ಸ್ಪ್ರಿಂಗ್ ಮೊದಲು ಹುಡುಕಿ ನೋಡುತ್ತದೆ: ಈ ಮಷೀನಿನಲ್ಲಿ ಆಪ್ಷನಲ್ ಎಂಬ ಕ್ಲಾಸ್ ಇದೆಯೇ? ಇದ್ದರೆ ಬಳಸುತ್ತದೆ, ಇಲ್ಲದಿದ್ದರೆ ಆ ಸೌಲಭ್ಯವನ್ನು ಸುಮ್ಮನೆ ಬದಿಗಿಡುತ್ತದೆ. ಆ ಹುಡುಕಾಟವನ್ನು ಕೋಡಿನ ಒಂದು ಮೂಲೆಯಲ್ಲಿ ಬರೆದು, ಕ್ಲಾಸ್ ಸಿಗದಿದ್ದರೆ ಏನು ಎಂಬುದನ್ನು ಒಂದು ಸಾಲಿನ ಕಾಮೆಂಟಿನಲ್ಲಿ ವಿವರಿಸಿದ್ದರು. ಹಳೆಯ ಜಾವಾದಲ್ಲೇ ಉಳಿದುಕೊಂಡ ನಮ್ಮಂಥ ತಂಡಗಳು ಜಗತ್ತಿನಲ್ಲಿ ಇವೆ ಎಂದು ನೆನಪಿಟ್ಟುಕೊಂಡು, ಅವರ ಪ್ರೋಗ್ರಾಂ ಬೀಳಬಾರದು ಎಂದು ಯಾರೋ ಕೂತು ಇಷ್ಟು ಎಚ್ಚರ ವಹಿಸಿದ್ದಾರೆ. ಅಷ್ಟು ವರ್ಷ ಆ ಎಚ್ಚರದ ಫಲ ಉಂಡಿದ್ದೆ. ಅದನ್ನು ಕಣ್ಣಾರೆ ಕಂಡಿದ್ದು ಅಂದು.

ಜೆಡಿಕೆ 8 ಹಾಕಿಕೊಂಡು ಪ್ರಾಜೆಕ್ಟನ್ನು ಎಕ್ಲಿಪ್ಸ್‌ಗೆ ತಂದೆ. ಪರದೆ ತುಂಬ ಕೆಂಪು ಗುರುತು. ಸ್ಪ್ರಿಂಗ್‌ನ ಹೆಸರಿನಡಿಯೇ ಇರುವ ಸಿಜಿಲಿಬ್ ಎಂಬ ಪ್ಯಾಕೇಜಿನ ಕ್ಲಾಸುಗಳು ಸಿಗುತ್ತಿಲ್ಲ ಎಂಬ ದೂರು. ರೆಪಾಸಿಟರಿಯಲ್ಲಿ ಹುಡುಕಿದರೂ ಅವುಗಳಲ್ಲಿ ಹೆಚ್ಚಿನವುಗಳ ಸೋರ್ಸ್ ಇಲ್ಲ. ಅವು ಹುಟ್ಟುವುದು ಬಿಲ್ಡ್ ಆಗುವಾಗ. ಸಿಜಿಲಿಬ್ ಒಂದು ಬೇರೆಯದೇ ಲೈಬ್ರರಿ. ಓಡುತ್ತಿರುವ ಪ್ರೋಗ್ರಾಮಿನಲ್ಲೇ ಹೊಸ ಕ್ಲಾಸುಗಳನ್ನು ಸೃಷ್ಟಿಸುವುದು ಅದರ ಕೆಲಸ. ಸ್ಪ್ರಿಂಗ್‌ಗೆ ಅದರ ಒಂದು ವರ್ಷನ್ ಬೇಕು, ನಿಮ್ಮ ಪ್ರೋಗ್ರಾಮಿನ ಇನ್ಯಾವುದೋ ಲೈಬ್ರರಿಗೆ ಅದರದೇ ಇನ್ನೊಂದು ವರ್ಷನ್ ಬೇಕು ಎಂದಾದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಈ ಜಗಳ ತಪ್ಪಿಸಲು 3.2ರಿಂದ ಸ್ಪ್ರಿಂಗ್ ಒಂದು ಉಪಾಯ ಮಾಡಿತು. ಬಿಲ್ಡ್ ಹೊತ್ತಿನಲ್ಲಿ ಸಿಜಿಲಿಬ್‌ನ ಜಾರ್ ತರಿಸಿ, ಒಳಗಿನ ಪ್ರತಿ ಕ್ಲಾಸಿನ ಪ್ಯಾಕೇಜ್ ಹೆಸರನ್ನೂ ತನ್ನ ಹೆಸರಿಗೆ ಬದಲಿಸಿ, ಸ್ಪ್ರಿಂಗ್-ಕೋರ್ ಒಳಗೇ ಸೇರಿಸಿಬಿಡುತ್ತದೆ. ಇದಕ್ಕೆಂದೇ ಬಿಲ್ಡ್ ಫೈಲಿನಲ್ಲಿ ಒಂದು ರೀಪ್ಯಾಕ್ ಟಾಸ್ಕ್ ಇದೆ. ಅದನ್ನು ಮೊದಲು ಓಡಿಸಿದೆ, ಕೆಂಪು ಹೋಯಿತು.

ಅದೇ ಫೋಲ್ಡರಿನಲ್ಲಿ ಸ್ಪ್ರಿಂಗ್‌ನವರೇ ಬರೆದ ಒಂದು ಚಿಕ್ಕ ಕ್ಲಾಸ್ ಕಣ್ಣಿಗೆ ಬಿತ್ತು, ಸ್ಪ್ರಿಂಗ್ ನೇಮಿಂಗ್ ಪಾಲಿಸಿ. ಅದರಲ್ಲಿ 'ಬೈಸ್ಪ್ರಿಂಗ್‌ಸಿಜಿಲಿಬ್' ಎಂಬ ಅಕ್ಷರಮಾಲೆಯನ್ನು ಹಿಂದಿರುಗಿಸುವ ಒಂದು ಮೆಥಡ್. ಡಾಲರ್ ಗುರುತುಗಳ ನಡುವೆ ಸಿಕ್ಕಿಕೊಂಡ ಈ ಹೆಸರನ್ನು ಎಷ್ಟು ಸ್ಟ್ಯಾಕ್ ಟ್ರೇಸ್‌ಗಳಲ್ಲಿ ಕಂಡಿಲ್ಲ! ರಾತ್ರಿ ಪ್ರೊಡಕ್ಷನ್ ಸರ್ವರ್ ಬಿದ್ದಾಗಲೆಲ್ಲ ಲಾಗ್‌ನಲ್ಲಿ ಕಾಣಿಸಿಕೊಳ್ಳುತ್ತಿದ್ದ, ಯಾರೂ ಬರೆಯದೆ ತಾನಾಗಿ ಹುಟ್ಟಿದಂತಿದ್ದ ಹೆಸರು. ಅದನ್ನು ಒಬ್ಬರು ಒಂದು ದಿನ ಕೂತು ಟೈಪ್ ಮಾಡಿದ್ದರು, ಮತ್ತು ಆ ಸಾಲು ಈಗ ನನ್ನ ಮುಂದಿತ್ತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಗಳಿಗೆ ಅದು.

ಆಮೇಲಿನದ್ದು ಬೇಗ ಮುಗಿಯಿತು. ಎಲ್ಲ ಟೆಸ್ಟ್‌ಗಳನ್ನೂ ಓಡಿಸುವ ಪೂರ್ಣ ಬಿಲ್ಡ್ ನನ್ನ ಲ್ಯಾಪ್‌ಟಾಪಿನ ಮೆಮರಿಗೆ ಭಾರವಾಗಿತ್ತು. ಬೇಕಾದ ಸ್ಪ್ರಿಂಗ್-ಟಿಎಕ್ಸ್ ಮಾಡ್ಯೂಲಿನ ಟೆಸ್ಟ್‌ಗಳನ್ನಷ್ಟೇ ಓಡಿಸಿದೆ. ವರ್ಷನ್ ಬರೆದಿರುವ ಪ್ರಾಪರ್ಟೀಸ್ ಫೈಲಿನಲ್ಲಿ ನಂಬರಿನ ಮುಂದೆ ನಮ್ಮ ತಂಡದ ಗುರುತು ಸೇರಿಸಿದೆ. ಅಧಿಕೃತ ಜಾರ್ ಯಾವುದು, ನಾವು ತಿದ್ದಿದ್ದು ಯಾವುದು ಎಂಬ ಗೊಂದಲ ಯಾರಿಗೂ ಬರಬಾರದು. ತಿದ್ದುವ ಹಕ್ಕಿನ ಜೊತೆ ಈ ಜವಾಬ್ದಾರಿಯೂ ಇದೆ ಎಂದು ಈಗಲೂ ನಂಬುತ್ತೇನೆ. ಟ್ರಾನ್ಸಾಕ್ಷನ್ ಆಸ್ಪೆಕ್ಟ್ ಸಪೋರ್ಟ್ ಎಂಬ ಕ್ಲಾಸಿನಲ್ಲಿ, ಮೆಥಡ್ ಕರೆಯ ಸುತ್ತ ಟ್ರಾನ್ಸಾಕ್ಷನ್ ಶುರುಮಾಡಿ ಮುಗಿಸುವ ಜಾಗದ ಮೊದಲಿಗೇ ನನ್ನದೊಂದು ಲಾಗ್ ಸಾಲು ಹಾಕಿದೆ: ಯಾವ ಮೆಥಡ್, ಯಾವ ಬಗೆಯ ಟ್ರಾನ್ಸಾಕ್ಷನ್. ಗ್ರೇಡಲ್‌ನ ಇನ್‌ಸ್ಟಾಲ್ ಟಾಸ್ಕ್ ಕೊಟ್ಟಾಗ ಜಾರ್‌ಗಳು ನನ್ನ ಮಷೀನಿನ ಮೇವನ್ ಫೋಲ್ಡರಿಗೆ ಬಂದು ಕೂತವು. ಅದೇ ಫೋಲ್ಡರ್, ಹೆಸರಿನಲ್ಲಿ ನಮ್ಮ ಗುರುತು ಹೊತ್ತ ಅದೇ ಫೈಲುಗಳು. ಈ ಸಲ ಅವು ಎಲ್ಲಿಂದ ಬಂದವು ಎಂದು ಗೊತ್ತಿತ್ತು.

ರಾತ್ರಿ ಬ್ಯಾಚ್ ಓಡಿತು. ಬೆಳಿಗ್ಗೆ ಲಾಗ್ ತೆರೆದರೆ ಫೈಲ್ ಓದುವ ಹೊರಗಿನ ಮೆಥಡ್‌ಗೆ ನನ್ನ ಸಾಲು ಬಂದಿದೆ. ಒಳಗಿನ, ಸಾಲು ಉಳಿಸುವ ಮೆಥಡ್‌ಗೆ ಒಮ್ಮೆಯೂ ಬಂದಿಲ್ಲ. ಅಂದರೆ ಆ ಕರೆ ಸ್ಪ್ರಿಂಗ್‌ನ ಕೈಗೆ ಸಿಕ್ಕೇ ಇಲ್ಲ. ಕಾರಣ ಕೋಡಿನಲ್ಲಿ ನಿಚ್ಚಳವಾಗಿತ್ತು. ಟ್ರಾನ್ಸಾಕ್ಷನಲ್ ಎಂದು ಬರೆದ ಕ್ಲಾಸಿನ ಮುಂದೆ ಸ್ಪ್ರಿಂಗ್ ತನ್ನದೊಂದು ಪ್ರಾಕ್ಸಿ ಆಬ್ಜೆಕ್ಟ್ ನಿಲ್ಲಿಸುತ್ತದೆ. ಇದು ಮನೆಯ ಹೆಬ್ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿದ ಹಾಗೆ: ಹೊರಗಿನಿಂದ ಬಂದವರೆಲ್ಲ ಅವನನ್ನು ದಾಟಿಯೇ ಬರಬೇಕು, ಮನೆಯೊಳಗಿನವರು ಒಬ್ಬರನ್ನೊಬ್ಬರು ಕರೆದರೆ ಅವನಿಗೆ ತಿಳಿಯುವುದಿಲ್ಲ. ನಮ್ಮ ಎರಡೂ ಮೆಥಡ್‌ಗಳು ಒಂದೇ ಕ್ಲಾಸಿನಲ್ಲಿದ್ದವು. ಒಂದು ಇನ್ನೊಂದನ್ನು ನೇರವಾಗಿ ಕರೆಯುತ್ತಿತ್ತು. ಹೊಸ ಟ್ರಾನ್ಸಾಕ್ಷನ್ ಹುಟ್ಟುತ್ತಲೇ ಇರಲಿಲ್ಲ. ಕೆಟ್ಟ ಸಾಲಿನಲ್ಲಿ ಎಕ್ಸೆಪ್ಷನ್ ಬಂದಾಗ ಹೊರಗಿನ ಲೂಪ್ ಅದನ್ನು ಹಿಡಿದು ಮುಂದೆ ಹೋಗುತ್ತಿತ್ತು, ಅಷ್ಟರಲ್ಲಿ ಬರೆದಾಗಿದ್ದ ರಸೀದಿ ಹೊರಗಿನ ಮೆಥಡ್‌ನ ದೊಡ್ಡ ಟ್ರಾನ್ಸಾಕ್ಷನ್ ಜೊತೆಗೇ ಕಮಿಟ್ ಆಗುತ್ತಿತ್ತು. ಒಳಗಿನ ಮೆಥಡನ್ನು ಬೇರೆ ಕ್ಲಾಸಿಗೆ ಎತ್ತಿಟ್ಟೆವು. ಮರುದಿನದಿಂದ ಲೆಕ್ಕ ಸರಿಹೋಯಿತು, ನನ್ನ ಲಾಗ್ ಸಾಲನ್ನು ತೆಗೆದು ಅಧಿಕೃತ ಜಾರ್‌ಗೇ ಮರಳಿದೆವು.

ಈ ಮಿತಿಯ ಮಾತು ಸ್ಪ್ರಿಂಗ್‌ನ ಕೈಪಿಡಿಯಲ್ಲೇ ಇದೆ, ಇಷ್ಟಕ್ಕೆ ಬಿಲ್ಡ್ ಯಾಕೆ ಎಂದು ಕೇಳುವವರಿದ್ದಾರೆ. ಕೈಪಿಡಿಯ ವಾಕ್ಯ ಮರೆತುಹೋಗುತ್ತದೆ. ಪ್ರಾಕ್ಸಿಯ ಹಿಂದೆ ಓಡುವ ಕೋಡನ್ನು ಕಂಪೈಲ್ ಮಾಡಿ, ಅದರೊಳಗೆ ತನ್ನದೊಂದು ಸಾಲು ಇಟ್ಟು, ಅದು ಎಲ್ಲಿ ಮಾತಾಡಿತು ಎಲ್ಲಿ ಮೌನವಾಯಿತು ಎಂದು ಕಂಡವರು ಮರೆಯುವುದಿಲ್ಲ. ಇನ್ನೊಂದು ಲಾಭವೂ ಆಯಿತು. ಸ್ಪ್ರಿಂಗ್-ಟಿಎಕ್ಸ್‌ನ ಟೆಸ್ಟ್‌ಗಳನ್ನು ಓದುವಾಗ ಚೆಕ್ಡ್ ಮತ್ತು ಅನ್‌ಚೆಕ್ಡ್ ಎಕ್ಸೆಪ್ಷನ್‌ಗಳಿಗೆ ರೋಲ್‌ಬ್ಯಾಕ್ ಆಗುವ, ಆಗದಿರುವ ಸಂದರ್ಭಗಳಿಗೆಲ್ಲ ಬೇರೆಬೇರೆ ಟೆಸ್ಟ್ ಸಿಕ್ಕವು. ಬೇರೇನೂ ಹೇಳದಿದ್ದರೆ ರನ್‌ಟೈಮ್ ಎಕ್ಸೆಪ್ಷನ್ ಅಥವಾ ಎರರ್ ಬಂದರೆ ಮಾತ್ರ ರೋಲ್‌ಬ್ಯಾಕ್ ಎಂಬ ನಿಯಮ ಕೋಡಿನಲ್ಲಿ ಒಂದೇ ಸಾಲು. ಆ ಒಂದು ಸಾಲು ಗೊತ್ತಿಲ್ಲದೆ ಇದೇ ಊರಿನಲ್ಲಿ ಎಷ್ಟು ಜನ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾರೋ.

ನಾನು ಆ ಕೋಡಿನಲ್ಲಿ ತಿರುಗಾಡುವುದನ್ನು ಬಿಡಲಿಲ್ಲ. ಪ್ರತಿ ಫೈಲಿನ ತಲೆಯಲ್ಲಿ ಲೈಸೆನ್ಸ್, ಅದರ ಕೆಳಗೆ ಬರೆದವರ ಹೆಸರು. ರಾಡ್ ಜಾನ್ಸನ್, ಯೂರ್ಗನ್ ಹೋಲರ್. ಹೋಲರ್ ಹೆಸರಂತೂ ಫೈಲಿನಿಂದ ಫೈಲಿಗೆ. ಬೀನ್ ಫ್ಯಾಕ್ಟರಿ ಎಂಬ ಇಂಟರ್‌ಫೇಸಿನಲ್ಲಿ 'ಯಾವಾಗಿನಿಂದ' ಎಂಬ ಜಾಗದಲ್ಲಿ ವರ್ಷನ್ ನಂಬರಿನ ಬದಲು ತಾರೀಖು ಇದೆ: 13 ಏಪ್ರಿಲ್ 2001. ಸ್ಪ್ರಿಂಗ್ ಎಂಬ ಹೆಸರು ಹುಟ್ಟುವ ಮೊದಲಿನ ತಾರೀಖು ಅದು. ಸಂಗೀತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಜಾನ್ಸನ್ 2002ರಲ್ಲಿ ಜೆ2ಇಇ ವಿನ್ಯಾಸದ ಬಗ್ಗೆ ಒಂದು ದಪ್ಪ ಪುಸ್ತಕ ಬರೆದರು. ಅದರ ಜೊತೆ ಸುಮಾರು 30,000 ಸಾಲಿನ ಕೋಡ್ ಕೊಟ್ಟಿದ್ದರು. ಓದುಗರಲ್ಲಿ ಇಬ್ಬರು, ಹೋಲರ್ ಮತ್ತು ಯಾನ್ ಕ್ಯಾರಫ್, ಇದನ್ನು ಓಪನ್ ಸೋರ್ಸ್ ಮಾಡೋಣ ಎಂದು ಒತ್ತಾಯಿಸಿದರು. 2003ರಲ್ಲಿ ಸೋರ್ಸ್‌ಫೋರ್ಜ್‌ನಲ್ಲಿ ಕೆಲಸ ಶುರು, 2004ರ ಮಾರ್ಚ್‌ನಲ್ಲಿ 1.0. ಆಮೇಲೆ ಕಂಪನಿ ಆಯಿತು. 2009ರಲ್ಲಿ ವಿಎಂವೇರ್ ಅದನ್ನು ಕೊಂಡಿತು. ಮುಂದೆ ಪಿವೋಟಲ್, ಮತ್ತೆ ವಿಎಂವೇರ್, ಈಗ ಬ್ರಾಡ್‌ಕಾಮ್. ಮಾಲೀಕರು ಇಷ್ಟು ಬದಲಾದರೂ ಆ ತಾರೀಖು ಹಾಗೇ ಉಳಿದಿದೆ. ಪುಸ್ತಕ ಓದಿದ ಓದುಗರು ಲೇಖಕನ ಜೊತೆ ಸೇರಿ ಕೋಡ್ ಬರೆಯಲು ಕೂತರು ಎಂಬ ಸಂಗತಿಯನ್ನು ನಾನು ಹೊಸಬರಿಗೆ ಮತ್ತೆಮತ್ತೆ ಹೇಳುತ್ತೇನೆ. ಹೋಲರ್ ಕೂಡ ಮೊದಲು ಒಬ್ಬ ಓದುಗ.

ಓದುವುದರಿಂದಲೇ ಇಷ್ಟೆಲ್ಲ ಶುರುವಾಯಿತು, ಅದಕ್ಕೇ ನಮ್ಮ ಕಡೆಯ ಸಂದರ್ಶನಗಳ ರೀತಿ ನೋಡಿದರೆ ನೋವಾಗುತ್ತದೆ. ಬೀನ್ ಲೈಫ್‌ಸೈಕಲ್ ಹೇಳಿ ಎಂದು ಕೇಳುತ್ತೇವೆ, ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ಅಪ್ಲಿಕೇಶನ್ ಕಾಂಟೆಕ್ಸ್ಟ್ ಏಳುವ ಇಡೀ ಕಥೆ ರಿಫ್ರೆಶ್ ಎಂಬ ಒಂದೇ ಮೆಥಡ್‌ನಲ್ಲಿದೆ. ಒಂದು ಹೆಜ್ಜೆಗೆ ಒಂದು ಕರೆ, ಒಂದೊಂದರ ಮೇಲೂ ಒಂದೊಂದು ಸಾಲಿನ ಕಾಮೆಂಟ್: ಬೀನ್ ಫ್ಯಾಕ್ಟರಿ ಸಿದ್ಧಮಾಡು, ಪೋಸ್ಟ್ ಪ್ರಾಸೆಸರ್‌ಗಳನ್ನು ನೋಂದಾಯಿಸು, ಉಳಿದ ಸಿಂಗಲ್ಟನ್‌ಗಳನ್ನೆಲ್ಲ ಸೃಷ್ಟಿಸು. ಪರದೆಯ ಮೇಲೆ ಎರಡು ಪುಟ ಉರುಳಿಸಿದರೆ ಮುಗಿಯಿತು. ಯಾವ ಗೈಡ್ ಪುಸ್ತಕಕ್ಕಿಂತಲೂ ಸ್ಪಷ್ಟ. ಕಾಲೇಜುಗಳಲ್ಲಿ ಜಾವಾ ಕಲಿಸುವವರು ಒಂದು ತರಗತಿಯನ್ನು ಈ ಮೆಥಡ್ ಓದಲು ಮೀಸಲಿಡಬೇಕು ಎಂದು ನನ್ನ ಹಟ.

2022ರ ನವೆಂಬರ್‌ನಲ್ಲಿ ಸ್ಪ್ರಿಂಗ್ 6 ಬಂದಾಗ ಮತ್ತೆ ಬಿಲ್ಡ್ ಮಾಡಿದೆ. ಈ ಸಲ ಜಾವಾ 17 ಬೇಕಾಯಿತು. ಎಂಟರ್‌ಪ್ರೈಸ್ ಜಾವಾ ಒರೇಕಲ್‌ನಿಂದ ಎಕ್ಲಿಪ್ಸ್ ಫೌಂಡೇಶನ್‌ಗೆ ಹೋದದ್ದರಿಂದ ಅದರಲ್ಲಿ ಜಾವಾಎಕ್ಸ್ ಎಂದಿದ್ದ ಪ್ಯಾಕೇಜುಗಳೆಲ್ಲ ಜಕಾರ್ತಾ ಆಗಿದ್ದವು. ಸಿಜಿಲಿಬ್ ಸೋರ್ಸ್ ಈಗ ಹೊರಗಿನಿಂದ ಬರುವುದಿಲ್ಲ, ಸ್ಪ್ರಿಂಗ್‌ನ ರೆಪಾಸಿಟರಿಯಲ್ಲೇ ಇದೆ. ಇನ್‌ಸ್ಟಾಲ್ ಟಾಸ್ಕ್‌ನ ಹೆಸರು ಪಬ್ಲಿಷ್ ಟು ಮೇವನ್ ಲೋಕಲ್ ಆಗಿದೆ. ಜಿರಾದಲ್ಲಿದ್ದ ಹಳೆಯ ದೂರುಗಳೆಲ್ಲ ಗಿಟ್‌ಹಬ್‌ಗೆ ಬಂದಿವೆ. ಹಾಗಾಗಿ ಒಂದು ಸಾಲು ವಿಚಿತ್ರವಾಗಿ ಕಂಡರೆ ಅದನ್ನು ಸೇರಿಸಿದ ಕಮಿಟ್, ಆ ಕಮಿಟ್‌ನಿಂದ ದೂರು, ದೂರಿನಿಂದ ಕಾರಣ ಎಂದು ಹಿಂದೆ ಹಿಂದೆ ಹೋಗುವುದು ಸುಲಭ. ನನ್ನ ಸಂಜೆಗಳಲ್ಲಿ ಕೆಲವು ಹೀಗೇ ಕಳೆಯುತ್ತವೆ.

ಈಚೆಗೆ ನಮ್ಮ ತಂಡಕ್ಕೆ ಹಾಸನದಿಂದ ಒಬ್ಬ ಹುಡುಗಿ ಬಂದಿದ್ದಾಳೆ. ಪ್ರಾಕ್ಸಿ ಆಬ್ಜೆಕ್ಟಿನ ಪಾಠ ಕೇಳಿ, "ಮೇಡಂ, ಹಾಗಾದ್ರೆ ಒಂದೇ ಕ್ಲಾಸಿನ ಒಳಗಿನ ಕರೆಯನ್ನು ಹಿಡಿಯೋಕೆ ದಾರಿನೇ ಇಲ್ವಾ?" ಎಂದಳು. ಇದೆ. ಸ್ಪ್ರಿಂಗ್-ಆಸ್ಪೆಕ್ಟ್ಸ್ ಎಂಬ ಮಾಡ್ಯೂಲ್ ಬಾಗಿಲಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ. ಆಸ್ಪೆಕ್ಟ್‌ಜೆ ನೆರವಿನಿಂದ ಟ್ರಾನ್ಸಾಕ್ಷನ್ ಕೋಡನ್ನು ಕ್ಲಾಸ್ ಫೈಲಿನೊಳಕ್ಕೇ ನೇಯ್ದುಬಿಡುತ್ತದೆ. ಅದರ ಕೆಲವು ಸೋರ್ಸ್ ಫೈಲುಗಳು ಮಾಮೂಲಿ ಜಾವಾ ಫೈಲುಗಳಲ್ಲ, ಹಾಗಾಗಿ ಬಿಲ್ಡ್‌ನಲ್ಲಿ ಆ ಮಾಡ್ಯೂಲಿಗೆ ಬೇರೆಯದೇ ಕಂಪೈಲರ್. ಇಬ್ಬರೂ ಕೂತು ಅದರ ಬಿಲ್ಡ್ ಫೈಲ್ ತೆರೆದೆವು, ಮಾಡ್ಯೂಲ್ ಬಿಲ್ಡ್ ಮಾಡಿದೆವು, ಟ್ರಾನ್ಸಾಕ್ಷನ್ ಆಸ್ಪೆಕ್ಟ್‌ನ ಟೆಸ್ಟ್‌ಗಳನ್ನು ಓಡಿಸಿದೆವು. ಎಲ್ಲ ಹಸಿರು. ಆ ಆಸ್ಪೆಕ್ಟ್ ಯಾವ ಕ್ಲಾಸನ್ನು ಆಧರಿಸಿದೆ ಎಂದು ಅವಳೇ ಹುಡುಕಿದಳು: ಟ್ರಾನ್ಸಾಕ್ಷನ್ ಆಸ್ಪೆಕ್ಟ್ ಸಪೋರ್ಟ್. ಪ್ರಾಕ್ಸಿ ದಾರಿಯೂ ನೇಯ್ಗೆಯ ದಾರಿಯೂ ಕೊನೆಗೆ ಒಂದೇ ಮೆಥಡ್‌ಗೆ ಬಂದು ಸೇರುತ್ತವೆ. ಹಾಗಿದ್ದರೆ ಎರಡೂ ಬಗೆಯಲ್ಲಿ ಓಡಿಸಿ ಸ್ಟ್ಯಾಕ್ ಟ್ರೇಸ್ ಪಕ್ಕಪಕ್ಕ ಇಟ್ಟು ನೋಡುತ್ತೇನೆ ಎಂದು ಅವಳು ಆಗಲೇ ಒಂದು ಬ್ರಾಂಚ್ ತೆರೆದಿದ್ದಾಳೆ.